ಒಬ್ಬರಿಗೊಂದೇ ಗಂಟು

ಹೆಂಡತಿ ಸುಕನ್ಯಾ ಗಂಟು ಬಿಚ್ಚಿದ ಸುದ್ದಿ ಗುರುಮಲ್ಲೇಶನಿಗೆ ಸಿಕ್ಕಿದ್ದು ಹಲ್ಲುಜ್ಜುವಾಗ. ಕನ್ನಡಿಯ ಕೆಳಗೆ ಇಟ್ಟಿದ್ದ ಫೋನು ಟಿಣ್ ಎಂದಿತು. ‘ನಿಮ್ಮ ಖಾಸಗಿ ಸಂಪರ್ಕವನ್ನು ಎದುರು ಪಕ್ಷದವರ ಕೋರಿಕೆಯಂತೆ ಆರು ತಿಂಗಳ ಹಿಂದೆಯೇ ಮುಕ್ತಾಯಗೊಳಿಸಲಾಗಿದೆ. ತಿಳಿಸಲು ತಡವಾದದ್ದಕ್ಕೆ ವಿಷಾದಿಸುತ್ತೇವೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು.’ ಎದುರು ಪಕ್ಷದವರು ಆ ಹೊತ್ತಿಗೆ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರು. ಬಾಯಿಯ ನೊರೆ ಉಗುಳುವುದನ್ನೂ ಮರೆತು ಅವನು ಅದನ್ನು ಮತ್ತೆ ಮತ್ತೆ ಓದಿದ. ಸರ್ಕಾರ ಧನ್ಯವಾದ ಹೇಳಿತೆಂದರೆ ನಾವೇನೋ ಕಳೆದುಕೊಂಡಿದ್ದೇವೆ ಎಂದೇ ಅರ್ಥ ಎಂಬುದು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಗಂಟಿನ ವಿಷಯ ಹೇಳಿಬಿಡಬೇಕು. ಜನರ ಮಾತೆಲ್ಲ ತನಗೆ ಕಾಣುವಂತಿರಬೇಕು, ಮುಚ್ಚಿದ ಮಾತು ಇರಲೇಕೂಡದು ಎಂದು ಸರ್ಕಾರ ಕಾಯ್ದೆ ತಂದಿತ್ತು. ಜನ ಬೀದಿಗಿಳಿದರು, ಆಮೇಲೆ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ಹಾವೂ ಸಾಯದ ಕೋಲೂ ಮುರಿಯದ ತೀರ್ಪು ಕೊಟ್ಟಿತು. ಗುಟ್ಟು ಮನುಷ್ಯನ ಹಕ್ಕು ಹೌದು, ಆದರೆ ಹಕ್ಕು ಎಂದಮೇಲೆ ಮಿತಿಯೂ ಇರಬೇಕು. ಆದ್ದರಿಂದ ಪ್ರತಿಯೊಬ್ಬ ಪ್ರಜೆಗೂ ಒಬ್ಬ ವ್ಯಕ್ತಿಯ ಜೊತೆ, ಒಬ್ಬರ ಜೊತೆ ಮಾತ್ರ, ಯಾರೂ ಓದಲಾಗದ ಸಂಪರ್ಕ. ಕಾಯ್ದೆಯಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಅದನ್ನು ಗಂಟು ಎಂದರು.

ಗಂಟು ಹಾಕಬೇಕಾದರೆ ಇಬ್ಬರೂ ಎದುರುಬದುರು ಕೂತು ಎರಡು ಫೋನುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಬೇಕು. ಒಂದೊಂದು ಫೋನೂ ತನ್ನೊಳಗೇ ಒಂದು ದೊಡ್ಡ ಸಂಖ್ಯೆಯನ್ನು ಹುಟ್ಟಿಸಿಕೊಂಡು, ಎರಡೂ ಬೆರೆತು ಒಂದು ಬೀಗದಕೈ ಆಗುತ್ತದೆ. ಎರಡು ಮನೆಯ ಹೆಪ್ಪು ಕೂಡಿಸಿ ಮಾಡಿದ ಮೊಸರಿನಲ್ಲಿ ಯಾವ ಮನೆಯ ಹೆಪ್ಪು ಯಾವುದು ಎಂದು ಹೇಳಲಾಗದು, ಹಾಗೆ. ಒಂದು ಮಾತು ಆಚೆ ಹೋಗುತ್ತಲೇ ಹಳೆಯ ಬೀಗದಕೈ ಅಳಿಸಿಹೋಗಿ ಹೊಸದು ಹುಟ್ಟುತ್ತದೆ. ಆಡಿದ ಮಾತನ್ನು ಆಮೇಲೆ ಸಾಕ್ಷಾತ್ ಶಿವನೇ ಬಂದರೂ ತೆಗೆಸಲಾಗದು. ಗಂಟು ಇದೆಯೋ ಇಲ್ಲವೋ ಎಂಬುದು ಸರ್ಕಾರಕ್ಕೆ ಗೊತ್ತು. ಯಾರ ಜೊತೆ ಎಂಬುದು ಗೊತ್ತಾಗಬಾರದು, ಅದೂ ತೀರ್ಪಿನಲ್ಲೇ ಇತ್ತು.

ನ್ಯಾಯಮೂರ್ತಿಗಳು ಬಹಳ ಓದಿದವರು, ಆದರೆ ಮನುಷ್ಯರ ಹೊಟ್ಟೆಕಿಚ್ಚಿನ ಬಗ್ಗೆ ಓದಿರಲಿಲ್ಲ. ‘ಒಬ್ಬರೇ’ ಎಂದಕೂಡಲೇ ದೇಶದ ಮನೆಮನೆಯಲ್ಲೂ ಬೆಂಕಿ ಬಿತ್ತು. ಮದುವೆಯಲ್ಲಿ ಮಾಂಗಲ್ಯಧಾರಣೆಯಾದ ಮೇಲೆ ಗಂಡುಹೆಣ್ಣಿನ ಫೋನು ತಾಗಿಸುವ ಶಾಸ್ತ್ರ ಶುರುವಾಯಿತು. ‘ಹುಡುಗನ ಗಂಟು ಖಾಲಿ ಇದೆಯಾ?’ ಎಂದು ಬೀಗರು ಮೊದಲೇ ಕೇಳತೊಡಗಿದರು. ಮಗಳು ತನ್ನ ಗಂಟನ್ನು ಗೆಳತಿಗೆ ಕೊಟ್ಟಳೆಂದು ತಾಯಿ ಊಟ ಬಿಟ್ಟಳು. ಕಾಯ್ದೆ ಮಾಡಿದ ಮಂತ್ರಿಗಳಿಗೆ ಮಾತ್ರ ಕಾಯ್ದೆ ಅನ್ವಯವಾಗಲಿಲ್ಲ. ಅವರು ಯಾರ ಜೊತೆ ಎಷ್ಟು ಗಂಟು ಬೇಕಾದರೂ ಹಾಕಿಕೊಳ್ಳಬಹುದಿತ್ತು, ಹಾಕಿಕೊಂಡಿದ್ದರು.

ಬಾಯಿ ಒರೆಸಿಕೊಂಡು ಗುರುಮಲ್ಲೇಶ ಅಡುಗೆಮನೆಗೆ ನುಗ್ಗಿದ.

“ಏನಿದು? ಗಂಟು ಬಿಚ್ಚಿದೀಯ?”

“ಹೂಂ,” ಎಂದಳು ಸುಕನ್ಯಾ, ಬಾಣಲೆಗೆ ರವೆ ಸುರಿಯುತ್ತ.

“ಹೂಂ ಅಂದ್ರೆ? ಮದುವೆ ದಿನ ಹಾಕಿದ ಗಂಟು ಅದು!”

“ಅದ್ರಲ್ಲಿ ನಾವು ಏನ್ ಮಾತಾಡ್ತಿದ್ವಿ ಹೇಳಿ ನೋಡೋಣ. ‘ಹಾಲು ತನ್ನಿ.’ ‘ಇವತ್ತು ಲೇಟಾಗುತ್ತೆ.’ ಅದಕ್ಕೆ ಗುಟ್ಟು ಯಾಕ್ರೀ? ಸರ್ಕಾರ ಓದ್ಕೊಂಡು ತಾನೂ ಹಾಲು ತರ್ಲಿ.”

“ಈಗ ಇನ್ಯಾರ ಜೊತೆ ಹಾಕಿದೀಯ?”

“ಅದನ್ನ ಹೇಳ್ಬಿಟ್ರೆ ಗಂಟು ಯಾಕೆ ಬೇಕು?”

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಅವನಿಗೆ ಆಗಲಿಲ್ಲ. ಅದೇ ಅವನ ಹೊಟ್ಟೆಯನ್ನು ಇನ್ನಷ್ಟು ಉರಿಸಿತು. ಅಡುಗೆಮನೆಯ ಮೂಲೆಯಲ್ಲಿ ಅವನ ತಾಯಿ ದಾಕ್ಷಾಯಣಮ್ಮ ಸ್ಟೂಲಿನ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಫೋನಿನ ಮೇಲೆ ಒಂದೇ ಬೆರಳಾಡಿಸುತ್ತಿದ್ದಳು. ಮುದುಕಿಗೆ ಇತ್ತೀಚೆಗೆ ಫೋನಿನಲ್ಲಿ ಚೌಕಾಬಾರ ಆಡುವ ಹುಚ್ಚು ಹಿಡಿದಿದೆ ಎಂದು ಅವನು ತಿಳಿದಿದ್ದ.

“ಉಪ್ಪಿಟ್ಟು ಆರೋಗುತ್ತೆ, ಉಣ್ಣು ಮಗ,” ಎಂದಳು ಅವಳು, ತಲೆ ಎತ್ತದೆ.

*

ಗುರುಮಲ್ಲೇಶನ ಕೆಲಸ ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿದ್ದ ಸಂದೇಶ ಸುರಕ್ಷಾ ಕೇಂದ್ರದಲ್ಲಿ. ಊರಿನ ತೆರೆದ ಮಾತೆಲ್ಲ ಅಲ್ಲಿಗೆ ಹರಿದು ಬರುತ್ತಿತ್ತು. ಯಂತ್ರ ಅದನ್ನು ಜರಡಿ ಹಿಡಿಯುತ್ತಿತ್ತು, ಜರಡಿಯಲ್ಲಿ ಉಳಿದದ್ದನ್ನು ಮನುಷ್ಯರು ಓದುತ್ತಿದ್ದರು. ಗೋಡೆಯಷ್ಟಗಲದ ಪರದೆಯ ಮೇಲೆ ತೆರೆದ ಮಾತುಗಳು ಹಳದಿ ಚುಕ್ಕೆಗಳು, ಗಂಟಿನ ಮಾತುಗಳು ಕಪ್ಪು ಚುಕ್ಕೆಗಳು. ಹಳದಿಯನ್ನು ಮುಟ್ಟಿದರೆ ಬಾಯಿ ಬಿಡುತ್ತಿತ್ತು. ಕಪ್ಪು ಬಿಡುತ್ತಿರಲಿಲ್ಲ. ಇಷ್ಟು ವರ್ಷ ಅವನು ಕಪ್ಪು ಚುಕ್ಕೆಗಳನ್ನು ಸೊಳ್ಳೆಗಳಂತೆ ನೋಡಿಕೊಂಡು ಸುಮ್ಮನಿದ್ದ. ಈಗ ಅವುಗಳಲ್ಲೊಂದು ತನ್ನ ಹೆಂಡತಿಯದು ಎಂದು ಗೊತ್ತಾದ ಮೇಲೆ ಒಂದೊಂದೂ ಕಚ್ಚತೊಡಗಿತು.

ಯಾರ ಜೊತೆ ಹಾಕಿರಬಹುದು? ಈ ಪ್ರಶ್ನೆಗೆ ಅವನ ಬಳಿ ಉತ್ತರ ಸಿದ್ಧವಾಗಿಯೇ ಇತ್ತು. ಸುಕನ್ಯಾ ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಅನಿರುದ್ಧ ಎಂಬೊಬ್ಬನಿದ್ದ. ಉದ್ದ ಮೂಗು, ಇಸ್ತ್ರಿ ಕೆಡದ ಅಂಗಿ. ಒಂದು ಸಲ ಮಳೆ ಬಂದಾಗ ಅವಳನ್ನು ಸ್ಕೂಟರಿನಲ್ಲಿ ಮನೆಯ ತನಕ ಬಿಟ್ಟುಹೋಗಿದ್ದ. ಅಷ್ಟೇ ಸಾಕಾಗಿತ್ತು. ಗುರುಮಲ್ಲೇಶ ಅನಿರುದ್ಧನ ತೆರೆದ ಮಾತುಗಳನ್ನೆಲ್ಲ ತೆಗೆದು ಓದಿದ. ಎಲ್ಲ ಬರೀ ಉಪ್ಪಿನಕಾಯಿಯ ಹುಳಿಯ ಪ್ರಮಾಣ, ಬೂಸ್ಟು ಹಿಡಿದ ಹಪ್ಪಳ, ತಾಯಿಯ ಮಂಡಿನೋವು. ಇಷ್ಟು ಸಾಚಾ ಮನುಷ್ಯ ಲೋಕದಲ್ಲಿ ಇರಲು ಸಾಧ್ಯವೇ ಇಲ್ಲ, ಇವನೇನೋ ಮುಚ್ಚಿಡುತ್ತಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಅನುಮಾನಂ ಪೆದ್ದ ರೋಗಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ರೋಗಿಗೆ ಯಾವ ಮದ್ದೂ ಆಗಿಬರುವುದಿಲ್ಲ.

ಕೇಂದ್ರದಲ್ಲಿ ‘ನೆರಳು’ ಎಂಬ ತಂತ್ರಾಂಶವೊಂದಿತ್ತು. ಗಂಟಿನ ಮಾತನ್ನು ಅದೂ ಓದಲಾರದು. ಆದರೆ ಒಂದು ಫೋನಿನಿಂದ ಕಪ್ಪು ಮಾತು ಹೊರಟ ಮರುಕ್ಷಣ ಊರಿನಲ್ಲಿ ಇನ್ನೊಂದು ಫೋನು ಕಣ್ಣು ಬಿಡಲೇಬೇಕಲ್ಲ? ಒಂದು ಸಲ ನೋಡಿದರೆ ಏನೂ ತಿಳಿಯದು, ಆ ಕ್ಷಣದಲ್ಲಿ ಸಾವಿರಾರು ಫೋನು ಕಣ್ಣು ಬಿಟ್ಟಿರುತ್ತವೆ. ಹಳೆಯ ಸಾವಿರ ಸಲದ ಲೆಕ್ಕ ಹಾಕಿದರೆ ಪ್ರತಿಸಲವೂ ಜೊತೆಯಲ್ಲೇ ಕಣ್ಣು ಬಿಡುವುದು ಒಂದೇ ಒಂದು. ಮಾತು ಗೊತ್ತಾಗದಿದ್ದರೂ ಮಾತಿನ ಒಡೆಯ ಸಿಕ್ಕಿಬೀಳುತ್ತಾನೆ. ತೀರ್ಪಿನ ಪ್ರಕಾರ ಇದು ತಪ್ಪು. ಆದ್ದರಿಂದ ನೆರಳನ್ನು ಓಡಿಸಲು ಕಾರಣ ನಮೂದಿಸಬೇಕಿತ್ತು, ಕಾರಣಕ್ಕೆ ಮೇಲಧಿಕಾರಿಯ ಸಹಿ ಬೇಕಿತ್ತು. ಏಳನೆಯ ಕಾರಣಕ್ಕೆ ಮಾತ್ರ ಸಹಿ ಬೇಡ. ಅದು ‘ಸರ್ಕಾರದ ವಿರುದ್ಧ ಸಂಚಿನ ಶಂಕೆ’. ಸಂಚು ಎಂದಮೇಲೆ ಅವಸರ, ಅವಸರದಲ್ಲಿ ಸಹಿಗೆ ಯಾರು ಕಾಯುತ್ತಾರೆ?

ಸಿಬ್ಬಂದಿ ಇದರಲ್ಲೊಂದು ದಾರಿ ಮಾಡಿಕೊಂಡಿದ್ದರು. ಬೇಲಿಯೇ ಎದ್ದು ಹೊಲ ಮೇಯುವ ದಾರಿ. ಅವರವರ ಮನೆಯವರ ನಂಬರನ್ನು ಅವರವರಿಗೆ ಯಂತ್ರ ತೋರಿಸುತ್ತಿರಲಿಲ್ಲ, ಹೆಸರು ಕೊಟ್ಟರೂ ತೆರೆಯುತ್ತಿರಲಿಲ್ಲ. ಹಾಗಾಗಿ ‘ಕೈಬದಲು’ ಎಂಬ ಪದ್ಧತಿ ಬಂತು. ನೀನು ನನ್ನ ಮೈದುನನದು ನೋಡು, ನಾನು ನಿನ್ನ ಮಗಳದು ನೋಡುತ್ತೇನೆ. ಏಳನೆಯ ಕಾರಣ ಹಾಕುವುದು, ಹೆಸರು ನೋಡಿಕೊಳ್ಳುವುದು, ಪಾಳಿ ಮುಗಿಯುವ ಮೊದಲು ‘ಶಂಕೆ ನಿರಾಧಾರ’ ಎಂದು ಒತ್ತಿ ಮುಚ್ಚಿಬಿಡುವುದು. ಮುಚ್ಚಲು ಮರೆತರೆ ಮಾತ್ರ ಕಷ್ಟ. ಪಾಳಿ ಮುಗಿದ ಗಳಿಗೆಗೆ ಪ್ರಕರಣ ತಾನಾಗಿಯೇ ಮೇಲಕ್ಕೆ ಹೋಗುತ್ತದೆ, ಯಂತ್ರವೇ ಗಂಟನ್ನು ಕತ್ತರಿಸುತ್ತದೆ. ಇದುವರೆಗೆ ಯಾರೂ ಮರೆತಿರಲಿಲ್ಲ.

ಪಕ್ಕದ ಕುರ್ಚಿಯ ಪಾರ್ಥಸಾರಥಿಗೆ ಗುರುಮಲ್ಲೇಶ ಹೇಗೋ ವಿಷಯ ಬಾಯಿಬಿಟ್ಟ. ಸಾರಥಿ ಕೆಟ್ಟವನಲ್ಲ. ಆದರೆ ತನ್ನ ಗಂಟು ತನ್ನ ಹೆಂಡತಿಯ ಜೊತೆಯಲ್ಲೇ ಭದ್ರವಾಗಿದೆ ಎಂಬುದನ್ನು ದಿನಕ್ಕೊಮ್ಮೆಯಾದರೂ ಹೇಳದೆ ಅವನಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ.

“ನಮ್ಮನೆಯವಳು ನೋಡಿ, ಗಂಟಲ್ಲೇ ಮೂರು ಹೊತ್ತೂ ‘ಊಟ ಆಯ್ತಾ, ಊಟ ಆಯ್ತಾ’ ಅಂತಾಳೆ. ತಡೆಯೋಕಾಗಲ್ಲ ಕಣ್ರೀ.”

“ಗೊತ್ತಾಯ್ತು ಬಿಡಿ ಸಾರಥಿ. ನೋಡ್ಕೊಡ್ತೀರೋ ಇಲ್ವೋ?”

“ನೋಡ್ದೆ ಏನು. ಆದ್ರೆ ಮಲ್ಲೇಶ್, ನೋಡಿದ್ಮೇಲೆ ನೋಡ್ಲಿಲ್ಲ ಅಂದ್ಕೊಳ್ಳೋಕೆ ಆಗಲ್ಲ. ನಾಳೆ ಹೇಳಿ ಬೇಕಾದ್ರೆ.”

*

ಆ ಸಂಜೆ ಗುರುಮಲ್ಲೇಶ ಮನೆಯಲ್ಲಿ ಕೂತು ನಡೆಯುವುದನ್ನೆಲ್ಲ ಗಮನಿಸಿದ. ಕೇಂದ್ರದ ಸಿಬ್ಬಂದಿಯ ವಸತಿಗೃಹ ಅದು. ಪ್ರತಿ ಮನೆಯ ಅಡುಗೆಮನೆಯಲ್ಲೂ ಫ್ರಿಜ್ಜಿನ ಮೇಲೆ ಒಂದು ಬಿಳಿ ಡಬ್ಬಿ ಕೂರಿಸಿದ್ದರು. ಗುಟ್ಟು ಕಾಯುವವರ ಮನೆಯಿಂದ ಗುಟ್ಟು ಸೋರಬಾರದಲ್ಲ, ಅದಕ್ಕೆ. ಬಾಯಿಬಿಟ್ಟು ಆಡಿದ್ದೆಲ್ಲ ಅದರ ಕಿವಿಗೆ ಬೀಳುತ್ತಿತ್ತು. ಗುರುಮಲ್ಲೇಶನಿಗೆ ಅದು ಗಡಿಯಾರದ ಟಿಕ್ ಟಿಕ್ಕಿನಂತೆ ಅಭ್ಯಾಸವಾಗಿ ಹೋಗಿತ್ತು.

ಮನೆ ಈಚೆಗೆ ತಣ್ಣಗಾಗಿತ್ತು. ಮಕ್ಕಳಿಲ್ಲದ ಮನೆ, ಸದ್ದು ಮಾಡುವವರು ಮೂವರೇ. ಅದರಲ್ಲೂ ಅತ್ತೆ ಸೊಸೆ ಮಾತಾಡಿದ್ದನ್ನು ಕೇಳಿ ತಿಂಗಳುಗಳೇ ಆಗಿದ್ದವು. ಪಕ್ಕಪಕ್ಕ ಕೂತು ಅವರೆಕಾಳು ಹಿತುಕುತ್ತಿದ್ದರು, ಇಬ್ಬರ ತುಟಿಯೂ ಬಿಗಿದುಕೊಂಡಿರುತ್ತಿತ್ತು. ಹಿತುಕುವುದನ್ನು ನಿಲ್ಲಿಸಿ ಒಬ್ಬಳು ಫೋನು ನೋಡುತ್ತಿದ್ದಳು, ಆಮೇಲೆ ಇನ್ನೊಬ್ಬಳು. ಇಬ್ಬರಿಗೂ ಏನೋ ಜಗಳವಾಗಿದೆ ಎಂದು ಗುರುಮಲ್ಲೇಶ ಲೆಕ್ಕ ಹಾಕಿದ್ದ. ನಿಜ ಹೇಳಬೇಕೆಂದರೆ ಅದರಿಂದ ಅವನಿಗೆ ಒಳಗೊಳಗೇ ಹಿತವಾಗಿತ್ತು. ಎರಡು ಕಡೆಯ ದೂರು ಕೇಳುವ ಕಷ್ಟ ತಪ್ಪಿತಲ್ಲ.

“ಅನಿರುದ್ಧ ಹೇಗಿದಾನೆ?” ಎಂದು ಕೇಳಿದ, ಏನೂ ಇಲ್ಲದವನಂತೆ.

“ಯಾವ ಅನಿರುದ್ಧ? ಓ, ಅವ್ರಾ. ಚೆನ್ನಾಗಿದಾರೆ.”

“ಅವರ ತಾಯಿಗೆ ಮಂಡಿನೋವು ಕಮ್ಮಿಯಾಯ್ತಾ?”

ಸುಕನ್ಯಾ ಅವರೆಕಾಯಿ ಕೈಯಲ್ಲಿ ಹಿಡಿದೇ ಅವನನ್ನು ನೋಡಿದಳು. “ಅವರ ತಾಯಿಗೆ ಮಂಡಿನೋವು ಅಂತ ನನಗೇ ಗೊತ್ತಿಲ್ವಲ್ರೀ. ನಿಮಗೆ ಹೇಗೆ ಗೊತ್ತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಗುರುಮಲ್ಲೇಶ ಎದ್ದು ನೀರು ಕುಡಿಯಲು ಹೋದ. ಹಿಂದಿನಿಂದ ಎರಡು ಫೋನುಗಳ ಮೇಲೆ ಬೆರಳಾಡುವ ಮೆಲ್ಲನೆಯ ಸದ್ದು ಬಂತು. ಅವಳು ಅನಿರುದ್ಧನಿಗೆ ಹೇಳುತ್ತಿದ್ದಾಳೆ, ನನ್ನ ಗಂಡನಿಗೆ ಗೊತ್ತಾಗಿದೆ ಎನ್ನುತ್ತಿದ್ದಾಳೆ ಎಂದುಕೊಂಡ. ಲೋಟವನ್ನು ಹಾಗೇ ಕೆಳಗಿಟ್ಟ. ಅಷ್ಟು ಹತ್ತಿರ ಕೂತ ಹೆಂಡತಿ ತನಗೆ ಕೊಡದ ಮಾತನ್ನು ಊರಾಚೆ ಯಾರಿಗೋ ಕೊಡುತ್ತಿದ್ದಾಳಲ್ಲ ಎಂದು ಅವನಿಗೆ ಅಳು ಬರುವಷ್ಟು ಸಂಕಟವಾಯಿತು.

ಬೆಳಿಗ್ಗೆ ಹೊರಟಾಗ ತಾಯಿ ಬಾಗಿಲ ತನಕ ಬಂದಳು. ಏನೋ ಹೇಳಲು ಬಾಯಿ ತೆರೆದು, ಒಳಗೆ ಫ್ರಿಜ್ಜಿನ ಕಡೆ ಒಮ್ಮೆ ನೋಡಿ, ಮುಚ್ಚಿಕೊಂಡಳು.

“ಏನಮ್ಮ?”

“ಏನಿಲ್ಲ ಕಣಪ್ಪ. ಎಲ್ಲಾನೂ ಕೆದಕಕ್ಕೆ ಹೋಗಬ್ಯಾಡ. ಹುಷಾರು.”

*

ಗುರುಮಲ್ಲೇಶ ಹೂಂ ಎಂದ, ಸಾರಥಿ ಏಳನೆಯ ಕಾರಣ ಹಾಕಿದ, ನೆರಳು ಬೆಳಗಿನಿಂದ ಓಡಿತು. ಸಾರಥಿ ಕಾಫಿ ಕುಡಿದ, ಪರದೆ ನೋಡಿದ, ಮತ್ತೆ ಕಾಫಿ ಕುಡಿದ. ಗುರುಮಲ್ಲೇಶ ತನ್ನ ಕುರ್ಚಿಯಲ್ಲಿ ಕೂರಲಾರದೆ ಏಳಲಾರದೆ ಒದ್ದಾಡಿದ. ಊಟದ ಹೊತ್ತು ಕಳೆದ ಮೇಲೆ ಸಾರಥಿ ಜೋರಾಗಿ ನಕ್ಕ.

“ರೀ ಮಲ್ಲೇಶ್, ಪಾರ್ಟಿ ಕೊಡಿಸ್ರೀ! ನಿಮ್ಮ ಹೆಂಡ್ತಿ ಗಂಟು ಯಾರ ಜೊತೆ ಅಂದ್ಕೊಂಡ್ರಿ? ನಿಮ್ಮ ಜೊತೇನೇ!”

“ಏನಂದ್ರಿ?”

“ನೋಡಿ ಇಲ್ಲಿ. ಎದುರು ನಂಬರಿನ ಮಾಲೀಕ, ಗುರುಮಲ್ಲೇಶ, ವಸತಿಗೃಹ, ಹೆಬ್ಬಾಳ. ಸುಮ್ಮನೆ ನನ್ನ ಪ್ರಾಣ ತಿಂದ್ರಲ್ಲ.”

ಗುರುಮಲ್ಲೇಶ ಬಗ್ಗಿ ನೋಡಿದ. ಹೆಸರು ಅವನದೇ, ವಿಳಾಸವೂ ಅವನದೇ. ನಂಬರು ಮಾತ್ರ ಅವನದಲ್ಲ. ಆ ನಂಬರನ್ನು ಅವನು ಕಂಡೇ ಇರಲಿಲ್ಲ. ಅಥವಾ ಕಂಡಿದ್ದರೂ ನೆನಪಿರಲಿಲ್ಲ. ಆ ಕಾಲದಲ್ಲಿ ತನ್ನದೊಂದು ಬಿಟ್ಟರೆ ಯಾರ ನಂಬರೂ ಯಾರಿಗೂ ಬಾಯಿಪಾಠ ಇರುತ್ತಿರಲಿಲ್ಲ, ಎಲ್ಲವೂ ಫೋನಿನಲ್ಲಿ ಹೆಸರಾಗಿ ಕೂತಿರುತ್ತಿದ್ದವು. ಫೋನು ತೆಗೆದು ಹೋಲಿಸೋಣವೆಂದರೆ ಕೇಂದ್ರದೊಳಗೆ ಫೋನು ಒಯ್ಯುವಂತಿಲ್ಲ, ಅದು ಗೇಟಿನ ಪೆಟ್ಟಿಗೆಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ಗಳಿಗೆ ಕೂತು ಯೋಚಿಸುತ್ತಿದ್ದರು. ಹೊಟ್ಟೆಕಿಚ್ಚಿಗೆ ಕೂರಲು ಬರುವುದಿಲ್ಲ.

“ಇದು ನನ್ನ ನಂಬರಲ್ಲ ಸಾರಥಿ. ನನ್ನ ಗುರುತಿನ ಚೀಟಿ ಇಟ್ಕೊಂಡು ಅವಳು ಸಿಮ್ ತಗೊಂಡಿದಾಳೆ. ತಗೊಂಡು ಅವನಿಗೆ ಕೊಟ್ಟಿದಾಳೆ! ನನ್ನ ಹೆಸರಲ್ಲೇ! ನೋಡಿ ಎಂಥಾ ಧೈರ್ಯ!”

ಸಾರಥಿಯ ನಗು ಇಳಿಯಿತು. “ಹಾಗಿರಲಿಕ್ಕಿಲ್ಲ ಕಣ್ರೀ. ಮನೆಗೆ ಹೋಗಿ ಸಮಾಧಾನವಾಗಿ ಕೇಳಿ. ನಾನು ನಿರಾಧಾರ ಅಂತ ಒತ್ತಿ ಮುಚ್ಚಿಬಿಡ್ತೀನಿ.”

“ಮುಚ್ಬೇಡಿ.”

“ಪಾಳಿ ಮುಗಿದ್ರೆ ಮೇಲಕ್ಕೆ ಹೋಗುತ್ತೆ ಮಲ್ಲೇಶ್. ಏಳನೇ ಕಾರಣ ಇದು, ತಮಾಷೆ ಅಲ್ಲ.”

“ಹೋಗ್ಲಿ. ಹೋಗ್ಬೇಕು! ಆ ಗಂಟು ಕತ್ತರಿಸಿ ಬೀಳ್ಬೇಕು. ನನ್ನ ಹೆಸರು ಹೊತ್ಕೊಂಡು ತಿರುಗ್ತಿರೋನು ಯಾರು ಅಂತ ನಾಡಿಗೆಲ್ಲ ಗೊತ್ತಾಗ್ಲಿ. ನೀವು ಮುಚ್ಚಿದ್ರೆ ನಿಮ್ಮ ಮಗಳ ಗಂಟು ನಾನು ನೋಡಿಕೊಟ್ಟ ವಿಷಯ ಡೆಪ್ಯುಟಿ ಡೈರೆಕ್ಟರ್ ಮೇಡಂಗೆ ಹೇಳ್ತೀನಿ.”

ಸಾರಥಿ ಕೈಯನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಪಾಳಿ ಮುಗಿಯಿತು.

*

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ. ಸುಕನ್ಯಾ ಆಗಷ್ಟೇ ಕೆಲಸದಿಂದ ಬಂದು ಟೀಗೆ ನೀರಿಡುತ್ತಿದ್ದಳು. ದಾಕ್ಷಾಯಣಮ್ಮ ಸ್ಟೂಲಿನ ಮೇಲಿದ್ದಳು.

“ನನ್ನ ಹೆಸರಲ್ಲಿ ಸಿಮ್ ತಗೊಂಡು ಯಾರಿಗೆ ಕೊಟ್ಟಿದೀಯ?”

“ಯಾವ ಸಿಮ್ಮು?”

“ನಾಟಕ ಬೇಡ. ಇವತ್ತು ನೋಡಿದೀನಿ. ನಿನ್ನ ಗಂಟಿನ ಆ ಕಡೆ ಇರೋನು ನನ್ನ ಹೆಸರಿಟ್ಕೊಂಡು…”

ಅವನ ಮಾತು ಮುಗಿಯಲಿಲ್ಲ. ಒಲೆಯ ಪಕ್ಕದ ಕಟ್ಟೆಯ ಮೇಲಿದ್ದ ಸುಕನ್ಯಾಳ ಫೋನು ಟಿಣ್ ಎಂದಿತು. ಅದೇ ಕ್ಷಣಕ್ಕೆ ಸ್ಟೂಲಿನ ಮೇಲಿಂದಲೂ ಟಿಣ್ ಎಂದಿತು. ದಾಕ್ಷಾಯಣಮ್ಮನ ಕಣ್ಣು ಮಂದವಾದ್ದರಿಂದ ಅವಳ ಫೋನು ಸರ್ಕಾರದ ಮಾತನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ‘ಸರ್ಕಾರದ ವಿರುದ್ಧ ಸಂಚಿನ ಶಂಕೆಯ ಮೇರೆಗೆ ನಿಮ್ಮ ಖಾಸಗಿ ಸಂಪರ್ಕವನ್ನು ರದ್ದುಪಡಿಸಲಾಗಿದೆ. ಉಭಯ ಪಕ್ಷದವರೂ ಜೀವಮಾನಪೂರ್ತಿ ಹೊಸ ಸಂಪರ್ಕಕ್ಕೆ ಅನರ್ಹರು. ಇನ್ನು ಮುಂದೆ ನಿಮ್ಮ ಸಂದೇಶಗಳನ್ನು ಪರಿಶೀಲಿಸಲಾಗುವುದು. ನಿಮ್ಮ ಸಹಕಾರಕ್ಕೆ ಧನ್ಯವಾದಗಳು.’

ಟೀ ನೀರು ಕುದಿಯತೊಡಗಿತು. ಯಾರೂ ಆರಿಸಲಿಲ್ಲ. ಆ ಸಿಮ್ಮನ್ನು ಕೊಂಡವನು ತಾನೇ ಎಂದು ಗುರುಮಲ್ಲೇಶನಿಗೆ ಆಗ ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ತಾಯಿಯನ್ನು ಮೈಸೂರಿಗೆ ಕರೆತಂದು, ಅವಳ ಬೆರಳಿನ ಗುರುತು ಯಂತ್ರಕ್ಕೆ ಹತ್ತಲಿಲ್ಲವೆಂದು ತನ್ನ ಹೆಸರಲ್ಲೇ ಬರೆಸಿ, ‘ಅಮ್ಮ’ ಎಂದು ಉಳಿಸಿಕೊಂಡು, ನಂಬರನ್ನು ಮರೆತುಬಿಟ್ಟಿದ್ದ.

“ಅಮ್ಮ… ನಿನ್ನ ಜೊತೆಯಾ?”

“ಹೂಂ ಕಣಪ್ಪ.”

ಇಲ್ಲಿಗೆ ಅವನ ಎದೆ ಹಗುರಾಗಬೇಕಿತ್ತು. ಅನಿರುದ್ಧನಿಲ್ಲ, ಯಾರೂ ಇಲ್ಲ, ಹೆಂಡತಿ ತಾಯಿಯ ಜೊತೆ ಮಾತಾಡಿದ್ದಾಳೆ. ಎಷ್ಟು ಗಂಡಂದಿರಿಗೆ ಈ ಭಾಗ್ಯವಿದೆ? ಆದರೆ ಅವನ ಹೊಟ್ಟೆಯ ಬೆಂಕಿ ಆರಲಿಲ್ಲ, ಪಕ್ಕಕ್ಕೆ ಹೊರಳಿತು ಅಷ್ಟೇ. ಒಬ್ಬಳು ಹೆತ್ತವಳು, ಒಬ್ಬಳು ಕೈಹಿಡಿದವಳು. ಇಬ್ಬರೂ ಕೂಡಿ ತನ್ನನ್ನು ಹೊರಗಿಟ್ಟು ಒಂದು ಲೋಕ ಕಟ್ಟಿಕೊಂಡಿದ್ದಾರೆ. ಅನಿರುದ್ಧನಾಗಿದ್ದರೆ ಹೋಗಿ ಕಪಾಳಕ್ಕೆ ಬಾರಿಸಬಹುದಿತ್ತು. ಇಲ್ಲಿ ಯಾರಿಗೆ ಬಾರಿಸುವುದು?

“ಏನ್ ಮಾತಾಡ್ತಿದ್ರಿ ನೀವಿಬ್ರೂ? ಒಂದೇ ಮನೇಲಿ ಕೂತ್ಕೊಂಡು, ಪಕ್ಕಪಕ್ಕ ಕೂತ್ಕೊಂಡು! ನನಗೆ ಕೇಳಿಸಬಾರದಂಥದ್ದು ಏನದು?”

ದಾಕ್ಷಾಯಣಮ್ಮ ಫ್ರಿಜ್ಜಿನ ಮೇಲಿನ ಡಬ್ಬಿಯನ್ನು ಗದ್ದ ಎತ್ತಿ ತೋರಿಸಿದಳು. “ಬಾಯಲ್ಲಿ ಆಡಿದ್ರೆ ಅದಕ್ಕೆ ಕೇಳಿಸುತ್ತೆ. ಅದಕ್ಕೆ ಕೇಳಿಸದಿದ್ರೆ ನಿನಗೆ ಕೇಳಿಸುತ್ತೆ. ನೀನು ‘ಯಾರು, ಯಾವಾಗ, ಯಾಕೆ’ ಅಂತೀಯ. ಮನುಷ್ಯರು ಎಲ್ಲಾದ್ರೂ ಒಂದು ಕಡೆ ಮಾತಾಡ್ಬೇಕಲ್ಲ ಮಗ.”

“ನಾನು ನಿನ್ನ ಮಗ ಅಮ್ಮ!”

“ಅದಕ್ಕೇ ಹೇಳ್ತಿರೋದು,” ಎಂದು ಅವಳು ಎದ್ದು ಒಲೆ ಆರಿಸಿದಳು.

*

ಮರುದಿನ ಅವನು ಡೆಪ್ಯುಟಿ ಡೈರೆಕ್ಟರ್ ಹೇಮಾವತಿಯವರ ಕೋಣೆಯಲ್ಲಿ ಕೈಕಟ್ಟಿ ನಿಂತ. ತಪ್ಪಾಗಿದೆ ಮೇಡಂ, ಇಬ್ಬರೂ ನಮ್ಮ ಮನೆಯವರೇ, ಗಂಟು ವಾಪಸ್ ಹಾಕಿಸಿಕೊಡಿ ಎಂದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಸಂಚು ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ಅವರು ಮಾತಾಡಿದ್ದು ನೀವು ಕೇಳಿದೀರಾ?”

“ಇಲ್ಲ ಮೇಡಂ.”

“ಯಾರೂ ಕೇಳಿಲ್ಲ. ಇನ್ನು ಕೇಳೋಕೂ ಆಗಲ್ಲ, ಅಳಿಸಿಹೋಗಿದೆ. ಅಂದಮೇಲೆ ಇಲ್ಲ ಅಂತ ಯಾರು ಬರ್ಕೊಡ್ತಾರೆ? ಯಂತ್ರ ಕತ್ತರಿಸಿದ ಮೇಲೆ ಕಟ್ಟೋಕೆ ನನ್ನ ಕೈಲಿ ಗುಂಡಿ ಇಲ್ಲ ಗುರುಮಲ್ಲೇಶ್. ಕತ್ತರಿಸೋದಕ್ಕೆ ಮಾತ್ರ ಇದೆ.”

ಇನ್ನು ಮುಂದೆ ಆ ಇಬ್ಬರ ಮಾತನ್ನು ಓದುವ ಕೆಲಸ, ನಿಯಮದ ಪ್ರಕಾರ ಪ್ರಕರಣ ತೆರೆದವನದು. ಅಂದರೆ ಪಾರ್ಥಸಾರಥಿಯದು. ಗುರುಮಲ್ಲೇಶನಿಗೆ ಅವರ ನಂಬರು ಮೊದಲಿನಂತೆಯೇ ಬೀಗ. ತನ್ನ ಹೆಂಡತಿ ತನ್ನ ತಾಯಿಗೆ ಹೇಳುವುದನ್ನು ಪಕ್ಕದ ಕುರ್ಚಿಯವನು ಓದಬಹುದು, ತಾನು ಮಾತ್ರ ಓದುವಂತಿಲ್ಲ. ಅವನು ಇಡೀ ದಿನ ಸಾರಥಿಯ ಮುಖವನ್ನೇ ನೋಡುತ್ತ ಕೂತ. ಸಾರಥಿ ಹುಬ್ಬು ಎತ್ತಿದರೆ ಇವನು ಕುರ್ಚಿ ಬಿಟ್ಟು ಅರ್ಧ ಏಳುತ್ತಿದ್ದ, ತುಟಿಯ ತುದಿ ಅಲುಗಿದರೆ ಕತ್ತು ಚಾಚುತ್ತಿದ್ದ.

“ಏನಾದ್ರೂ ಬಂತಾ?” ಎಂದು ಕೊನೆಗೆ ತಡೆಯಲಾರದೆ ಕೇಳಿದ.

“ಒಂದು ಬಂದಿದೆ,” ಎಂದ ಸಾರಥಿ. ಅವನ ಮುಖ ಕೆಂಪಗಾಗಿತ್ತು. “ನಿಮ್ಮ ತಾಯಿಯವರದು. ನಿಮ್ಮ ಹೆಂಡ್ತಿಗೆ ಕಳಿಸಿದಾರೆ, ಆದ್ರೆ ಬರೆದಿರೋದು ನನಗೆ. ‘ಇದನ್ನು ಓದುತ್ತಿರುವವರಿಗೆ ನಮಸ್ಕಾರ. ಊಟ ಆಯಿತಾ?’ ಅಷ್ಟೇ.”

ಅವನು ಪರದೆಯನ್ನು ಆ ಕಡೆ ತಿರುಗಿಸಿಕೊಂಡ. ಆ ದಿನದಿಂದ ತನ್ನ ಹೆಂಡತಿಯ ‘ಊಟ ಆಯ್ತಾ’ದ ಬಗ್ಗೆ ಸಾರಥಿ ಕೇಂದ್ರದಲ್ಲಿ ಯಾರ ಬಳಿಯೂ ಮಾತಾಡಲಿಲ್ಲ. ದಾಕ್ಷಾಯಣಮ್ಮನೂ ಸುಕನ್ಯಾಳೂ ಫೋನಿನಲ್ಲಿ ಇನ್ನೊಂದಕ್ಷರ ಬರೆಯಲಿಲ್ಲ.

*

ಆ ವಾರ ಮುಗಿಯುವುದರೊಳಗೆ ಸುಕನ್ಯಾ ಪೆಟ್ಟಿಗೆ ತುಂಬಿದಳು. ಧಾರವಾಡದ ಪ್ರಯೋಗಾಲಯಕ್ಕೆ ವರ್ಗ ಕೇಳಿಕೊಂಡಿದ್ದಳಂತೆ. ಆದೇಶ ಬಂದು ಬಹಳ ಕಾಲವಾಗಿತ್ತಂತೆ, ಅವಳೇ ಮುಂದಕ್ಕೆ ಹಾಕಿಕೊಂಡು ಬಂದಿದ್ದಳಂತೆ. ಈ ಅಂತೆಗಳೆಲ್ಲ ಗುರುಮಲ್ಲೇಶನಿಗೆ ತಿಳಿದದ್ದು ಅವಳು ಸೀರೆ ಮಡಿಸುತ್ತಿದ್ದಾಗ.

“ಬಿಟ್ಟು ಹೋಗ್ತೀಯಾ?”

“ಹೋಗ್ಬೇಕು ಅಂತ ಯಾವಾಗ್ಲೋ ತೀರ್ಮಾನ ಮಾಡಿದ್ದೆ ಕಣ್ರೀ. ಹೋಗ್ದೇ ಇದ್ದಿದ್ದು ಯಾಕೆ ಗೊತ್ತಾ? ಅತ್ತೆಯಿಂದ.” ಅವಳ ದನಿ ಏರಿರಲಿಲ್ಲ. “ದಿನಾ ಬರೀತಿದ್ರು. ‘ಅವನು ಹಿಂಗಿರ್ಲಿಲ್ಲ ಕಣವ್ವ. ಆ ಕೆಲಸ ಅವನನ್ನ ಹಿಂಗೆ ಮಾಡ್ತು. ಇನ್ನೊಂದು ಸ್ವಲ್ಪ ದಿನ ನೋಡು.’ ಅವನು ಚಿಕ್ಕೋನಿದ್ದಾಗ ಹಂಗೆ ಮಾಡ್ದ, ಹಿಂಗೆ ಮಾಡ್ದ ಅಂತ ಕಥೆ ಬೇರೆ. ನಾನು ಒಂದು ಹೇಳಿದ್ರೆ ಅವರು ನಿಮ್ಮ ಪರವಾಗಿ ಹತ್ತು ಹೇಳೋರು. ಅರ್ಧ ಒಪ್ಕೊಂಡಿದ್ದೆ. ನಿಮ್ಮ ಪರವಾಗಿ ಈ ಮನೇಲಿ ಬಾಯಿ ತೆಗೆಯೋರು ಅವರೊಬ್ರೇ ಇದ್ರು. ಆ ಬಾಯಿನ ನೀವೇ ಕಟ್ಟಿದ್ರಿ.”

ಗುರುಮಲ್ಲೇಶ ಮಂಚದ ಅಂಚಿಗೆ ಕೂತ. ಆಮೇಲೆ ಎದ್ದು ಅಡುಗೆಮನೆಗೆ ಓಡಿದ.

“ಅಮ್ಮ, ಅವಳು ಹೊರಟಿದಾಳೆ. ಹೇಳಮ್ಮ ಅವಳಿಗೆ. ಬಂದು ಹೇಳು. ಇಷ್ಟು ದಿನ ಹೇಳ್ತಿದ್ದೆಯಂತಲ್ಲ, ಅದನ್ನೇ ಹೇಳು!”

ದಾಕ್ಷಾಯಣಮ್ಮನ ಕಣ್ಣು ತುಂಬಿತ್ತು. “ಅದು ನಾಲ್ಕು ಜನರೆದುರಿಗೆ ಹೇಳೋ ಮಾತಲ್ಲ ಮಗ. ಒಬ್ಬಳಿಗೆ ಹೇಳೋ ಮಾತು. ನಿನ್ನೆದುರಿಗೆ ಹೇಳಿದ್ರೆ ನಿನ್ನ ಪರ ವಕಾಲತ್ತು ಆಗುತ್ತೆ, ಆ ಡಬ್ಬಿ ಎದುರಿಗೆ ಹೇಳಿದ್ರೆ ಪಂಚಾಯ್ತಿ ಆಗುತ್ತೆ. ಅವಳು ನಂಬಲ್ಲ. ನಾನಾಗಿದ್ರೂ ನಂಬ್ತಿರ್ಲಿಲ್ಲ.” ಸೆರಗಿನಲ್ಲಿ ಮುಖ ಒರೆಸಿಕೊಂಡು ಚಪ್ಪಲಿ ಹುಡುಕಿದಳು. “ಬಸ್ ಸ್ಟಾಪಿನ ತನಕ ನಾನು ಅವಳ ಜೊತೆ ನಡ್ಕೊಂಡು ಹೋಗ್ತೀನಿ. ನೀನು ಇಲ್ಲೇ ಇರು. ಬರಬ್ಯಾಡ. ಕೇಳಿಸ್ಕೊಂಡ್ಯಾ? ಬರಬ್ಯಾಡ.”

ಇಬ್ಬರೂ ಫೋನುಗಳನ್ನು ಮೇಜಿನ ಮೇಲೆ ಬಿಟ್ಟರು. ಸುಕನ್ಯಾ ತನ್ನದನ್ನು ತಿರುಗಿ ಕೂಡ ನೋಡಲಿಲ್ಲ. ಪೆಟ್ಟಿಗೆಯ ಹಿಡಿಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಮೆಟ್ಟಿಲಿಳಿದರು.

ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಸಂಜೆಯ ಬಿಸಿಲಿನಲ್ಲಿ ಇಬ್ಬರು ಹೆಂಗಸರು ಹೊಂಗೆಮರಗಳ ಕೆಳಗೆ ನಡೆಯುತ್ತಿದ್ದರು. ಮುದುಕಿಯ ಒಂದು ಕೈ ಪೆಟ್ಟಿಗೆಯ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ ಆಡುತ್ತಿತ್ತು. ಅವಳು ಮಾತಾಡುತ್ತಿದ್ದಳು. ಬಿಡದೆ ಮಾತಾಡುತ್ತಿದ್ದಳು. ಸುಕನ್ಯಾ ಒಮ್ಮೆ ನಿಂತಳು. ಮುದುಕಿ ಅವಳ ಭುಜ ಮುಟ್ಟಿದಳು. ಸುಕನ್ಯಾ ಪೆಟ್ಟಿಗೆಯನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಏನು ಹೇಳಿದಳು ಅಮ್ಮ? ಯಾವ ಕಥೆ ಹೇಳಿದಳು? ತನ್ನ ಬಾಲ್ಯದ್ದೋ? ಅಪ್ಪ ಹೊಡೆದದ್ದೋ? ತಾನೇ ಮರೆತದ್ದು ಏನಾದರೂ ಅವಳಿಗೆ ನೆನಪಿದೆಯೋ? ತನ್ನ ಬದುಕಿನ ಬಗ್ಗೆ ಇಬ್ಬರು ಮಾತಾಡುತ್ತಿದ್ದಾರೆ, ತನಗೊಬ್ಬನಿಗೆ ಕೇಳಿಸುತ್ತಿಲ್ಲ. ಗುರುಮಲ್ಲೇಶ ಕಿಟಕಿಯ ಸರಳು ಹಿಡಿದು ನಿಂತ. ಬಿಟ್ಟ. ಮತ್ತೆ ಹಿಡಿದ. ಆಮೇಲೆ ಅವನಿಗೇ ತಿಳಿಯುವ ಮೊದಲು ಮೆಟ್ಟಿಲುಗಳ ಮೇಲಿದ್ದ.

ಬಸ್ ಸ್ಟಾಪಿನ ಹತ್ತಿರ ಅವರನ್ನು ಸೇರಿದ. ಅವನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ದಾಕ್ಷಾಯಣಮ್ಮನ ಮಾತು ನಿಂತಿತು. ಅರ್ಧಕ್ಕೇ ನಿಂತಿತು.

“ಮನೆಗೆ ಹೋಗು ಮಗ,” ಎಂದಳು.

“ನಾನೂ ಇಲ್ಲೇ ಇರ್ತೀನಿ. ಏನೂ ಮಾತಾಡಲ್ಲ. ನೀನು ಹೇಳಮ್ಮ.”

“ಹೋಗಪ್ಪ. ನಿನ್ನ ಕಾಲಿಗೆ ಬೀಳ್ತೀನಿ, ಆ ತಿರುವಿನ ತನಕ ಹೋಗಿ ನಿಂತ್ಕೊ.”

ತಿರುವು ದೂರವಿರಲಿಲ್ಲ. ಅಲ್ಲಿಗೆ ಹೋದರೆ ಅಮ್ಮ ಮತ್ತೆ ಶುರುಮಾಡುತ್ತಾಳೆ, ತನ್ನ ಪರವಾಗಿಯೇ ಹೇಳುತ್ತಾಳೆ, ಎಲ್ಲವೂ ಅವನಿಗೆ ಗೊತ್ತಿತ್ತು. ಸುಕನ್ಯಾಳ ಕಣ್ಣು ಇನ್ನೂ ಒದ್ದೆಯಾಗಿತ್ತು. ಅವಳು ಅವನನ್ನು ನೋಡುತ್ತ, ಕಾಯುತ್ತಿದ್ದಳು. ಹೋಗಬೇಕು ಎಂದುಕೊಂಡ. ಹೋಗುತ್ತೇನೆ ಎಂದುಕೊಂಡ. ಕಾಲು ಏಳಲಿಲ್ಲ. ಮೂವರೂ ಸುಮ್ಮನೆ ನಿಂತರು. ರೈಲ್ವೆ ಸ್ಟೇಷನ್ನಿಗೆ ಹೋಗುವ ಸಿಟಿ ಬಸ್ಸು ಬಂತು. ಸುಕನ್ಯಾ ಬಗ್ಗಿ ಅತ್ತೆಯ ಪಾದ ಮುಟ್ಟಿ, ಪೆಟ್ಟಿಗೆ ಎತ್ತಿಕೊಂಡು ಹತ್ತಿದಳು. ಬಸ್ಸು ಹೋಯಿತು.

ದಾಕ್ಷಾಯಣಮ್ಮ ಅದು ಕಣ್ಮರೆಯಾಗುವ ತನಕ ನೋಡಿದಳು.

“ಇನ್ನೊಂದು ಮಾತಿತ್ತು ಕಣೋ,” ಎಂದಳು. “ಅದೊಂದು ಹೇಳಿದ್ದಿದ್ರೆ ಅವಳು ಹತ್ತುತ್ತಿರ್ಲಿಲ್ಲ.”

“ಏನಮ್ಮ ಅದು?” ಎಂದು ಕೇಳಿದ ಗುರುಮಲ್ಲೇಶ.